ಹಾಳೆಯ ಅಂಚಿನ ಕಾಗೆ

ಕತ್ತರಿಸುವ ಯಂತ್ರದ ಅಲಗು ಕೆಳಗಿಳಿದಾಗಲೆಲ್ಲ ದೊಡ್ಡ ಹಾಳೆಯ ಬದಿಯಿಂದ ನಾಲ್ಕು ಬೆರಳಗಲದ ಪಟ್ಟಿಯೊಂದು ಕಳಚಿ ಬೀಳುತ್ತಿತ್ತು. ಪ್ರೆಸ್ಸಿನವರಿಗೆಲ್ಲ ಅದು ರದ್ದಿ. ನನಗೆ ಮಾತ್ರ ಪುಸ್ತಕದ ಪುಟ.

ಚನ್ನವೀರಯ್ಯನವರ ಪ್ರೆಸ್ಸಿನಲ್ಲಿ ನಾನು ಡಿಸೈನ್ ಮಾಡುತ್ತಿದ್ದೆ. ಮದುವೆ ಕಾರ್ಡು, ಉಪ್ಪಿನಕಾಯಿ ಡಬ್ಬಿಯ ಲೇಬಲ್ಲು, ಪುಢಾರಿಗಳ ಹುಟ್ಟುಹಬ್ಬದ ಪೋಸ್ಟರು. ಗಣಪತಿಯನ್ನು ಎಲ್ಲಿ ಕೂರಿಸಬೇಕು, ಬಾಳೆಕಂಬವನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ಕಣ್ಣು ಮುಚ್ಚಿದರೂ ಬರುತ್ತಿತ್ತು. ಆ ಕೆಲಸ ಅನ್ನ ಹಾಕುತ್ತಿತ್ತು. ಅನ್ನವನ್ನು ಹಳಿಯುವಷ್ಟು ಸೊಕ್ಕು ನನಗಿರಲಿಲ್ಲ. ಆದರೆ ದಿನವಿಡೀ ಊರವರಿಗೆ ಬೇಕಾದ್ದನ್ನು ಬರೆದ ಕೈ ತನಗೆ ಬೇಕಾದ್ದನ್ನೂ ಒಂದಿಷ್ಟು ಬರೆಯಬೇಕೆಂದು ಹಟ ಹಿಡಿಯುತ್ತಿತ್ತು. ವಿದ್ಯುತ್ ಕಂಬದ ಮೇಲೆ ಗೂಡು ಕಟ್ಟಲು ಹೊರಟ ಕಾಗೆಯೊಂದರ ಕತೆ, ಮಾತಿಲ್ಲದೆ, ಬರೀ ಚಿತ್ರಗಳಲ್ಲಿ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ನನಗೆ ಆ ಕಾಗೆ.

ಹೇಗೂ ಕತ್ತರಿಸಿ ಎಸೆಯುವ ಅಂಚಿನಲ್ಲಿ ನನ್ನದೊಂದು ಚಿತ್ರ ಹಾಕಿಕೊಳ್ಳಲೇ ಎಂದು ಯಜಮಾನರನ್ನು ಕೇಳಿದೆ.

"ಹಾಕ್ಕೊಳಮ್ಮ, ರದ್ದಿಗೆ ಹೋಗೋದು ತಾನೆ. ಗಿರಾಕಿ ಕಣ್ಣಿಗೆ ಮಾತ್ರ ಬೀಳಬಾರದು" ಎಂದರು.

ಅಂದಿನಿಂದ ಯಾರ ಯಾರದೋ ಮದುವೆಗಳ ಜೊತೆಗೆ ನನ್ನ ಕಾಗೆಯೂ ಅಚ್ಚಾಗತೊಡಗಿತು. ಒಂದು ಮದುವೆಗೆ ಒಂದು ಕಡ್ಡಿ. ಲಗ್ನದ ತಿಂಗಳುಗಳಲ್ಲಿ ಗೂಡು ಬೇಗಬೇಗ ಏಳುತ್ತಿತ್ತು, ಆಷಾಢದಲ್ಲಿ ಕಾಗೆ ಖಾಲಿ ಕೊಕ್ಕಿನಲ್ಲಿ ಕೂತಿರುತ್ತಿತ್ತು.

ಎಡವಟ್ಟಾದದ್ದು ಪುಟ್ಟತಾಯಮ್ಮನವರ ಮಗಳ ಮದುವೆ ಕಾರ್ಡಿನಲ್ಲಿ. ಕತ್ತರಿಸುವವರು ಅಂದು ರಜೆ. ಬದಲಿಗೆ ಅಲಗಿನ ಮುಂದೆ ನಿಂತ ಯಜಮಾನರು ಒಂದು ಕಟ್ಟಿನ ಅಂಚನ್ನು ಕತ್ತರಿಸದೆ ಹಾಗೆಯೇ ಒಳಕ್ಕೆ ಮಡಚಿಸಿಬಿಟ್ಟರು. ಮರುದಿನ ಪುಟ್ಟತಾಯಮ್ಮನವರ ಮೈದುನ ಜವರೇಗೌಡರು ಕಟ್ಟನ್ನು ತಂದು ಮೇಜಿನ ಮೇಲೆ ಕುಕ್ಕಿದರು.

"ದೇವರ ಮುಂದಿಡೋ ಕಾರ್ಡು ರೀ. ಮೂಲೆಗೆ ಅರಿಶಿನ ಹಚ್ಚೋಣ ಅಂತ ಬಿಡಿಸಿದ್ರೆ ಒಳಗೆ ಕಾಗೆ. ಇದೇನು ಮದುವೆ ಕಾರ್ಡೋ, ತಿಥಿ ಕಾರ್ಡೋ?"

ಅವರ ಅಣ್ಣ, ಹುಡುಗಿಯ ತಂದೆ, ತೀರಿಕೊಂಡು ವರ್ಷವಷ್ಟೇ ಆಗಿತ್ತು. ಶುಭಕಾರ್ಯದಲ್ಲಿ 'ದಿವಂಗತ' ಎಂಬ ಮಾತೇ ಬೇಡವೆಂದು ಆ ಹೆಸರನ್ನು ಕಾರ್ಡಿನಿಂದ ತೆಗೆಸಿದವರೂ ಅವರೇ. ಯಜಮಾನರು ಹೊಸದಾಗಿ ಅಚ್ಚು ಹಾಕಿಕೊಡುತ್ತೇನೆಂದು ಕೈಮುಗಿದು ಕಳಿಸಿದರು. ಆಮೇಲೆ ನನ್ನತ್ತ ತಿರುಗಿದರು.

"ಅಂಚು ಗಿಂಚು ಎಲ್ಲ ಇನ್ಮೇಲೆ ಇಲ್ಲ. ಕೆಲಸ ಬೇಕೋ, ಕಾಗೆ ಬೇಕೋ, ಒಂದು ಹೇಳು."

ಕೆಲಸ ಎಂದೆ. ಮತ್ತೇನು ಹೇಳಲಿ? ಮನೆಯಲ್ಲಿ ಕೂತು ಬರೆಯಬಹುದಿತ್ತಲ್ಲ ಎನ್ನಬೇಡಿ. ಮನೆ ಸೇರುವ ಹೊತ್ತಿಗೆ ಕಣ್ಣಿನಲ್ಲಿ ಏನೂ ಉಳಿದಿರುತ್ತಿರಲಿಲ್ಲ. ಆ ಸಂಜೆ ನಾನು ಊಟ ಬಿಟ್ಟು ಅತ್ತೆ.

ಹೊಸ ಕಾರ್ಡುಗಳು ಹೋದ ಮೇಲೆ ಒಂದು ಮಧ್ಯಾಹ್ನ ಪುಟ್ಟತಾಯಮ್ಮನವರು ಒಬ್ಬರೇ ಬಂದರು. ಯಜಮಾನರು ಮತ್ತೆ ಕೈಮುಗಿಯಲು ಹೊರಟರೆ ಅವರು ತಡೆದರು.

"ಆ ಕಾಗೆ ಕಾರ್ಡು ಎಸೆದುಬಿಟ್ರಾ?"

"ಇಲ್ಲಮ್ಮ, ಮೂಲೇಲಿದೆ. ಯಾಕೆ?"

"ನಮ್ಮೆಜಮಾನ್ರ ವರ್ಷದ ತಿಥಿ ದಿನ ಮಹಡಿ ಮೇಲೆ ಎಡೆ ಇಟ್ಟು ಬಿಸಿಲು ಇಳಿಯೋ ತನಕ ಕಾದ್ವಿ. ಒಂದು ಕಾಗೇನೂ ಮುಟ್ಲಿಲ್ಲ. ಏನೋ ಆಸೆ ಉಳ್ಕೊಂಡಿದೆ ಅಂದ್ರು ಎಲ್ರೂ. ಅವತ್ತಿಂದ ನನಗೆ ಅನ್ನ ಸೇರ್ತಿರಲಿಲ್ಲ. ಈಗ ನೋಡಿ, ಹೆಸರು ತೆಗೆಸಿದ್ರೂ ಮಗಳ ಕಾರ್ಡಿಗೆ ತಾವೇ ಬಂದು ಕೂತಿದ್ದಾರೆ."

ಯಜಮಾನರ ವ್ಯಾಪಾರಬುದ್ಧಿ ತಟ್ಟನೆ ಎದ್ದು ಕೂತಿತು. "ಹಾಗಾದ್ರೆ ಎಲ್ಲ ಕಾರ್ಡಿಗೂ ಹಾಕ್ಸೋಣಮ್ಮ. ಬೇರೆ ಗಿರಾಕಿಗಳಿಗೂ ತೋರಿಸಬಹುದು, ಹೊಸಾ ಡಿಸೈನು."

"ಬೇಡ ಸರ್" ಎಂದೆ. ಮಾತು ನನ್ನ ಬಾಯಿಂದಲೇ ಬಂದದ್ದೆಂದು ನನಗೇ ನಂಬಿಕೆಯಾಗಲಿಲ್ಲ. "ಕಾರ್ಡು ನಿಮ್ದು, ಹೇಗೆ ಹೇಳಿದ್ರೆ ಹಾಗೆ ಮಾಡ್ಕೊಡ್ತೀನಿ. ಕಾಗೆ ನಂದು. ಅದನ್ನ ಮಾರೋದು ಬೇಡ. ಅಮ್ಮನಿಗೆ ಆ ಕಟ್ಟು ಸುಮ್ನೆ ಕೊಟ್ಬಿಡಿ."

ಪುಟ್ಟತಾಯಮ್ಮನವರು ನನ್ನ ಮುಖವನ್ನೇ ನೋಡಿದರು.

"ನೀನೇ ಬರೆದಿದ್ದಾ ತಾಯಿ? ಕೊಕ್ಕಲ್ಲಿ ಕಡ್ಡಿ ಯಾಕೆ?"

"ಗೂಡು ಕಟ್ತಿದೆಯಮ್ಮ."

"ಮಗಳಿಗೇ ಇರಬೇಕು" ಎಂದು ಅವರು ಕಣ್ಣೊರೆಸಿಕೊಂಡರು. "ಮುಂದೇನಾಗುತ್ತೆ?"

ಇಷ್ಟು ಕಾಲದಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ಡ್ರಾಯರಿನಿಂದ ಪಟ್ಟಿಗಳನ್ನೆಲ್ಲ ತೆಗೆದು, ಮೊದಲಿನಿಂದ ಜೋಡಿಸಿ ಅವರ ಕೈಗಿತ್ತೆ. ಕಾಗದದ ರೀಮುಗಳ ಮೇಲೆ ಕೂತು ಅವರು ಒಂದೊಂದನ್ನೇ ನೋಡಿದರು. ಯಜಮಾನರು ಬಿಲ್ಲು ಬರೆಯುವವರಂತೆ ನಟಿಸುತ್ತ ಎರಡು ಸಲ ಇಣುಕಿ, ಕೊನೆಗೆ ಕನ್ನಡಕ ಏರಿಸಿಕೊಂಡು ಬಂದು ಎದುರಿನ ರೀಮಿನ ಮೇಲೆ ಕೂತರು.

"ಇದು ಗೂಡು ಮುಗಿಸುತ್ತೋ ಇಲ್ವೋ?" ಎಂದರು, ತಲೆಯೆತ್ತದೆ.

"ಜಾಗ ಸಿಕ್ಕಿದ್ರೆ ಮುಗಿಸುತ್ತೆ ಸರ್."

"ನಾಳೆ ನಾಮಕರಣದ ಕಾರ್ಡಿದೆ. ಶೀಟಲ್ಲಿ ಒಂದಿಷ್ಟು ಉಳಿಯುತ್ತೆ" ಎಂದವರು, ಪುಟ್ಟತಾಯಮ್ಮನವರತ್ತ ಬಾಗಿ, ಮುಂದಿನ ಪಟ್ಟಿಗಾಗಿ ಕೈ ಚಾಚಿದರು.