ಒಳಗಿನ ಚಿಲಕ

ಎರಡೂವರೆ ವರ್ಷದ ಸಿರಿಗೆ ದೀಪಾವಳಿಯ ಹೊತ್ತಿಗೆ ಚಿಲಕದ ಹುಚ್ಚು ಹಿಡಿದಿತ್ತು. ಭದ್ರಾವತಿಯ ಕಾಗದನಗರದ ಆ ಹಳೇ ಕ್ವಾರ್ಟರ್ಸಿನಲ್ಲಿ ಪ್ರತಿ ಬಾಗಿಲಿಗೂ ಒಳಗಡೆ ಮೇಲೊಂದು, ಕೆಳಗೊಂದು ಚಿಲಕ. ಕೆಳಗಿನದನ್ನು ನೆಲದ ತೂತಿಗೆ ಇಳಿಸುವುದನ್ನು ಅವಳು ಕಲಿತಿದ್ದಳು, ಮೇಲೆತ್ತುವುದನ್ನು ಕಲಿತಿರಲಿಲ್ಲ. ತುಕ್ಕು ಹಿಡಿದ ಕಬ್ಬಿಣ, ದೊಡ್ಡವರೇ ತಿರುಚಿ ತಿರುಚಿ ಎತ್ತಬೇಕು. ಅಮಾವಾಸ್ಯೆಯ ಹಿಂದಿನ ದಿನ ಬಚ್ಚಲಲ್ಲಿ ಸಿಕ್ಕಿಕೊಂಡು ರಂಪ ಮಾಡಿದ್ದಳು. ಅವಳಪ್ಪ ವೀರೇಂದ್ರ ಬಾಗಿಲ ಬುಡದ ಮುರುಕು ಕಿಂಡಿಯಿಂದ ಕೈ ತೂರಿಸಿ, ತೋಳು ಗೀಚಿಸಿಕೊಂಡು ಬಿಡಿಸಿದ್ದ. ಕೂಗಾಟ ಕೇಳಿ ಓಡಿಬರಲು ಅಕ್ಕಪಕ್ಕದಲ್ಲಿ ಯಾರೂ ಇರಲಿಲ್ಲ. ಕಾಗದದ ಕಾರ್ಖಾನೆ ಮುಚ್ಚಿದ ಮೇಲೆ ಆ ಸಾಲಿನ ಮುಕ್ಕಾಲು ಮನೆ ಖಾಲಿ.

ಚಿಲಕದ ಹುಚ್ಚಾದರೆ ನಗಬಹುದು. ಅಮೂಲ್ಯಳ ನಿದ್ದೆ ಕೆಡಿಸಿದ್ದು ಮಗಳ ಇನ್ನೊಂದು ಅಭ್ಯಾಸ. ಚಕ್ಕುಲಿ ಕೊಟ್ಟರೆ ಸಿರಿ ಎರಡು ಕೇಳುತ್ತಿದ್ದಳು. ಒಂದನ್ನು ತಾನು ಕಚ್ಚಿ, ಇನ್ನೊಂದನ್ನು ಒಳಕೋಣೆಯ ಬಾಗಿಲ ಹಿಂದೆ ಇಟ್ಟು ಬರುತ್ತಿದ್ದಳು. ಯಾರಿಗೆ ಎಂದು ಕೇಳಿದರೆ, “ಅಣ್ಣಂಗೆ.”

ಅಣ್ಣನೊಬ್ಬ ಇದ್ದ ಎಂದು ಆ ಮಗುವಿಗೆ ಯಾರೂ ಹೇಳಿರಲಿಲ್ಲ.

“ಹಾಲು ಹಾಕೋನೂ ಅವಳಿಗೆ ಅಣ್ಣನೇ, ಕರೆಂಟ್ ಬಿಲ್ ಕೊಡೋನೂ ಅಣ್ಣನೇ. ತಲೆ ಕೆಡಿಸ್ಕೋಬೇಡ ಮಾರಾಯ್ತಿ,” ಎಂದು ಹೇಳಿ ವೀರೇಂದ್ರ ಶಿವಮೊಗ್ಗದ ಬಸ್ಸು ಹತ್ತಿದ್ದ. ಅಲ್ಲಿ ಟಿವಿ, ಫ್ರಿಜ್ಜು ಮಾರುವ ಅಂಗಡಿಯಲ್ಲಿ ಅವನಿಗೆ ಕೆಲಸ, ಹಬ್ಬದ ದಿನವೇ ನೂಕುನುಗ್ಗಲು. ಅವನು ಹೇಳಿದ್ದು ಸರಿಯೇ ಇರಬಹುದು. ಆದರೆ ಹೇಳುವಾಗ ಅವನು ಆ ಬಾಗಿಲ ಕಡೆ ನೋಡಿರಲಿಲ್ಲ, ಅದನ್ನು ಅಮೂಲ್ಯ ಗಮನಿಸಿದ್ದಳು.

ಮೊದಲನೆಯವನು ನಿರಂಜನ. ಎರಡು ತುಂಬುವ ಮೊದಲೇ ಜ್ವರ ಬಂದು, ಟವೆಲಿನಲ್ಲಿ ಸುತ್ತಿ ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದ ಮಗು ಮತ್ತೆ ಈ ಮನೆಯ ಹೊಸಿಲು ದಾಟಲಿಲ್ಲ. ಅಲ್ಲಿಂದ ನೇರ ಮಣ್ಣಿಗೆ. ಆಮೇಲೆ ಅತ್ತೆ ಶಂಕರಮ್ಮ ಅವನ ಹೆಸರನ್ನೇ ಮನೆಯಿಂದ ಗುಡಿಸಿ ಹಾಕಿದರು. ಆಟಿಕೆ, ಫೋಟೋ ಎಲ್ಲ ಕಣ್ಮರೆಯಾದವು. ಸಿರಿ ಹುಟ್ಟಿದ ಮೇಲಂತೂ ಆ ಹೆಸರು ಯಾರ ಬಾಯಿಗಾದರೂ ಬಂದರೆ ಸಾಕು, ಕೈಸನ್ನೆ ಮಾಡಿ ತಡೆಯುತ್ತಿದ್ದರು. ಅಮೂಲ್ಯಳಿಗೆ ಹೊಟ್ಟೆ ಉರಿಯುತ್ತಿತ್ತು. ಹೆತ್ತ ಮಗನ ಹೆಸರು ಹೇಳುವುದಕ್ಕೂ ಅಪ್ಪಣೆ ಕೇಳಬೇಕೇ ಎಂದು ಒಲೆಯ ಮುಂದೆ ನಿಂತು ಎಷ್ಟು ಸಲ ಅತ್ತಿದ್ದಳೋ.

ದೀಪಾವಳಿ ಅಮಾವಾಸ್ಯೆಗೆ ಅವರಲ್ಲಿ ಹಿರಿಯರ ಪೂಜೆ. ಒಳಕೋಣೆಯಲ್ಲಿ ಹೊಸ ಪಂಚೆ, ಸೀರೆ ಇಟ್ಟು, ಬಾಳೆಲೆ ತುಂಬ ಎಡೆ ಬಡಿಸಿ, ದೀಪ ಹಚ್ಚಿ, ಕಿಟಕಿ ಬಾಗಿಲು ಹಾಕಿ ಮನೆಯವರೆಲ್ಲ ಹೊರಗೆ ಬಂದುಬಿಡಬೇಕು. ತೀರಿಹೋದವರು ಬಂದು ನೆಮ್ಮದಿಯಾಗಿ ಉಂಡು ಹೋಗಲಿ ಎಂದು. ಒಂದಷ್ಟು ಹೊತ್ತು ಬಿಟ್ಟು, ಕೆಮ್ಮಿ, ಬಾಗಿಲು ತಟ್ಟಿ, ಆಮೇಲೇ ಒಳಗೆ ಹೋಗುವುದು. ಮಾವ ಮುರುಗೇಶಪ್ಪನವರಿಗೂ ಅವರ ಅಪ್ಪ ಅಮ್ಮನಿಗೂ ಪ್ರತಿವರ್ಷ ಎಲೆ ಬೀಳುತ್ತಿತ್ತು. ನಿರಂಜನನಿಗೆ ಇಲ್ಲ.

“ಅವನಿಗೂ ಒಂದು ಸಣ್ಣ ಎಲೆ ಹಾಕ್ಲಾ ಅತ್ತೆ?” ಎಂದು ಹೋದ ವರ್ಷ ಕೇಳಿದ್ದಳು.

“ಹಾಲುಹಲ್ಲಿನ ಮಕ್ಕಳು ಹಿರೇರು ಹೆಂಗಾಗ್ತಾರೆ?” ಎಂದಿದ್ದರು ಶಂಕರಮ್ಮ. ದನಿ ತಗ್ಗಿಸಿ, “ಸಣ್ಣ ಮಕ್ಕಳನ್ನ ಕರೀಬಾರ್ದು ಕಣೇ. ಬಂದ್ರೆ ಒಬ್ರೇ ವಾಪಸ್ ಹೋಗಲ್ಲ,” ಎಂದಿದ್ದರು.

ಆ ಮಾತು ಅಮೂಲ್ಯಳ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಆದರೂ ಈ ಸಲ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸಿರಿಗೆ ಲಂಗ ಕೊಳ್ಳುವಾಗ ತಡೆಯಲಾರದೆ ಗಂಡುಮಕ್ಕಳ ಅಂಗಿಯೊಂದನ್ನು ಕೇಳಿದ್ದಳು. “ಎಷ್ಟು ವರ್ಷದ ಮಗುಗೆ ಅಕ್ಕ?” ಎಂದ ಅಂಗಡಿಯವನು. ಇದ್ದಿದ್ದರೆ ಐದು ತುಂಬುತ್ತಿತ್ತು. ಆದರೆ ಹೋದ ಮಕ್ಕಳು ಬೆಳೆಯುತ್ತವೋ, ಹೋದಾಗ ಇದ್ದಷ್ಟೇ ಇರುತ್ತವೋ ಎಂದು ಯಾರನ್ನು ಕೇಳುವುದು? ಕೊನೆಗೆ ಸಣ್ಣದನ್ನೇ ತಂದು ನಡುಮನೆಯ ಬೀರುವಿನಲ್ಲಿ ಸೀರೆಗಳ ಅಡಿ ಬಚ್ಚಿಟ್ಟಿದ್ದಳು.

ಅಮಾವಾಸ್ಯೆಯ ಸಂಜೆ ಎಡೆ ಬಡಿಸಿದ್ದಾಯಿತು. ಶಂಕರಮ್ಮ ಒಳಕೋಣೆಯ ಬಾಗಿಲು ಎಳೆದುಕೊಂಡು ಮುಂಬಾಗಿಲಿನಿಂದ ಹೊರಗೆ ಬಂದರು. ಅಮೂಲ್ಯ ಅಡುಗೆಮನೆಯ ದೀಪ ಆರಿಸಿ ಹಿತ್ತಲಿನಿಂದ ಸುತ್ತಿಕೊಂಡು ಬಂದಳು. ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಎದುರಿನ ಮನೆಗಳಲ್ಲಿ ಒಂದು ಹಣತೆಯೂ ಇಲ್ಲ. ದೂರದಲ್ಲಿ, ನ್ಯೂ ಟೌನ್ ಕಡೆ, ಪಟಾಕಿ ಸದ್ದು.

ಆಗ ಮನೆಯೊಳಗೆ ‘ಟಕ್’ ಎಂದಿತು.

ಶಂಕರಮ್ಮ ಕಣ್ಣು ಮುಚ್ಚಿ ಕೈಮುಗಿದರು. “ಬಂದ್ರು ಕಣೇ,” ಎಂದರು. ಅಮೂಲ್ಯಳೂ ಕೈಮುಗಿದಳು. ಮರುಕ್ಷಣವೇ ಆ ಸದ್ದು ಯಾವುದೆಂದು ಅವಳಿಗೆ ಗೊತ್ತಾಯಿತು. ಕಬ್ಬಿಣ ನೆಲದ ತೂತಿಗೆ ಬಿದ್ದ ಸದ್ದು.

“ಅತ್ತೆ, ಸಿರಿ ಎಲ್ಲಿ?”

“ನಿನ್ನ ಜೊತೆ ಅಡುಗೆಮನೇಲಿ ಇರ್ಲಿಲ್ವೇನೇ?”

ಇಬ್ಬರೂ ಎದ್ದುಬಿದ್ದು ಒಳಗೆ ಓಡಿದರು. ಒಳಕೋಣೆಯ ಬಾಗಿಲು ಅಲ್ಲಾಡಲಿಲ್ಲ. ಒಳಗೆ ನೆಲದ ಮೇಲೆ ಎರಡು ದೀಪ, ಪಕ್ಕದಲ್ಲೇ ಹೊಸ ಬಟ್ಟೆ, ಮಗುವಿನ ಮೈಮೇಲೆ ನೆರಿಗೆ ನೆರಿಗೆಯ ಲಂಗ. ಅಮೂಲ್ಯ ಹೊರಗೆ ಓಡಿ ಕಿಟಕಿ ಬಡಿದಳು. ಅದನ್ನು ಒಳಗಿನಿಂದ ಭದ್ರವಾಗಿ ಹಾಕಿದ್ದವಳು ತಾನೇ. ಒಳಗೆ ಬಂದು ಫೋನ್ ಮಾಡಿದರೆ ವೀರೇಂದ್ರ, “ಬಸ್ಸಲ್ಲಿದೀನಿ, ಈಗಷ್ಟೇ ಮಾಚೇನಹಳ್ಳಿ,” ಎಂದ. ಅವನು ಬರುವವರೆಗೆ ಕಾಯುವ ತಾಳ್ಮೆ ದೀಪಕ್ಕಿರುತ್ತದೆಯೇ?

“ಸಿರಿ, ಪುಟ್ಟಾ, ಬಾಗಿಲ ಹತ್ರ ಬಾ. ಚಿಲಕ ತೆಗಿ.”

ಒಳಗೆ ಗೆಜ್ಜೆ ಸದ್ದಾಯಿತು. ಎಲೆ ಸರಿದಾಡಿತು. ಆಮೇಲೆ ಸಿರಿ ನಕ್ಕಳು, ಯಾರೋ ಕಚಗುಳಿ ಇಟ್ಟ ಹಾಗೆ.

“ಬಾಮ್ಮಾ, ಚಾಕ್ಲೇಟ್ ಕೊಡ್ತೀನಿ.”

“ಬೇಡ. ಅಣ್ಣ ಮಮ್ಮು ತಿಂತಿದಾನೆ.”

ಬಂದ್ರೆ ಒಬ್ರೇ ವಾಪಸ್ ಹೋಗಲ್ಲ. ಅಂಗಿ ತಂದವಳು ತಾನು, ಹಾಗಾದರೆ ಕರೆದವಳೂ ತಾನೇ. ಹುಚ್ಚು ಹಿಡಿದವಳ ಹಾಗೆ ಭುಜ ಕೊಟ್ಟು ಬಾಗಿಲು ಗುದ್ದಿದಳು. ಹಳೇ ಕಾಲದ ಮರ, ಜಗ್ಗಲಿಲ್ಲ. ಒಳಗಿನ ನಗು ನಿಂತುಹೋಯಿತು. ಸಂದಿಯಿಂದ ಬಟ್ಟೆ ಕಮರಿದ ವಾಸನೆ ಸಣ್ಣಗೆ ಬಂತು.

ಆಗ ಶಂಕರಮ್ಮ ಅವಳನ್ನು ಪಕ್ಕಕ್ಕೆ ಸರಿಸಿದರು. ಮಂಡಿನೋವಿನ ಮುದುಕಿ, ಕುರ್ಚಿಯಿಂದ ಏಳುವುದಕ್ಕೇ ಹತ್ತು ಸಲ ಶಿವನನ್ನು ಕರೆಯುವವರು, ದೊಪ್ಪನೆ ನೆಲಕ್ಕೆ ಕೂತು ಬಾಗಿಲಿನ ಕೆಳಗಿನ ಸಂದಿಗೆ ಬಾಯಿಟ್ಟರು.

“ನಿರಂಜನಾ,” ಎಂದರು.

ಅಮೂಲ್ಯ ಅತ್ತೆಯ ಪಕ್ಕದಲ್ಲೇ ನೆಲಕ್ಕೆ ಕೂತಳು.

“ನಿರಂಜನಾ, ನಾನು ಕಣೋ, ಅಜ್ಜಿ. ಇಷ್ಟು ವರ್ಷ ಕರೀಲಿಲ್ಲ ಅಂತ ಸಿಟ್ಟಾ ಕಂದಾ? ತಪ್ಪಾಯ್ತು ಕಣೋ. ನೀನು ದೊಡ್ಡೋನಲ್ವಾ? ಅವಳಿಗೆ ಅಣ್ಣ ಅಲ್ವಾ? ತಂಗೀಗೆ ಬಾಗಿಲು ತೆಗ್ದುಕೊಡು ನನ್ನಪ್ಪಾ.”

ಆಮೇಲೆ ಗೆಜ್ಜೆ ಹತ್ತಿರ ಬಂತು. ಕಬ್ಬಿಣ ಕಿರ್ರೆಂದಿತು, ನಿಂತಿತು, ಮತ್ತೆ ಕಿರ್ರೆಂದಿತು. ಬಾಗಿಲು ತೆರೆಯಿತು.

ಸಿರಿ ಎರಡೂ ಕೈಯಲ್ಲಿ ಒಂದೊಂದು ಕಡುಬು ಹಿಡಿದುಕೊಂಡು ನಿಂತಿದ್ದಳು.

ಅಮೂಲ್ಯ ಅವಳನ್ನು ಬಾಚಿ ತಬ್ಬಿಕೊಂಡು ಮೈಯೆಲ್ಲ ತಡವಿ ನೋಡಿದಳು. ಎಲ್ಲೂ ಸುಟ್ಟಿರಲಿಲ್ಲ. ಮಾವನ ಪಂಚೆಯ ಅಂಚು ಮಾತ್ರ ದೀಪಕ್ಕೆ ತಾಗಿ ಅಂಗೈಯಗಲ ಕಪ್ಪಾಗಿ, ತಾನಾಗೇ ಆರಿತ್ತು. ಎರಡೂ ಕೈಯಲ್ಲಿ ಕಡುಬು ಹಿಡಿದ ಮಗು ಆ ಚಿಲಕ ಎತ್ತಿದ್ದು ಹೇಗೆ ಎಂದು ಅವಳು ಕೇಳಲಿಲ್ಲ. ಅತ್ತೆಯೂ ಕೇಳಲಿಲ್ಲ.

ಶಂಕರಮ್ಮ ಕೂತಲ್ಲೇ ಅಳುತ್ತಿದ್ದರು. “ಹೆಸರು ಹೇಳಿದ್ರೆ ಇವಳನ್ನೂ ಕರ್ಕೊಂಡು ಹೋಗ್ತಾನೆ ಅಂತ ಹೆದ್ರಿದ್ದೆ ಕಣೇ. ನನ್ನ ಮೊಮ್ಮಗನ್ನೇ ದೆವ್ವ ಮಾಡಿಬಿಟ್ಟಿದ್ನಲ್ಲೇ,” ಎಂದರು. ಸೆರಗಿನಿಂದ ಮೂಗೊರೆಸಿಕೊಂಡು, “ಹೋಗು, ಒಂದು ಎಲೆ ತಗೊಂಡು ಬಾ.”

ಅಮೂಲ್ಯ ಎಲೆ ತಂದಳು, ಬೀರುವಿನಿಂದ ಅಂಗಿಯನ್ನೂ ತಂದಳು. ಶಂಕರಮ್ಮ ಅದನ್ನು ಬಿಡಿಸಿ, ತೊಡೆಯ ಮೇಲೆ ಹರಡಿ, ತೋಳು ಅಳೆದು ನೋಡಿ, “ಆಗತ್ತೆ,” ಎಂದರು. ಮಾವನ ಎಲೆಯ ಪಕ್ಕ ಸಣ್ಣ ಎಲೆ ಬಿತ್ತು. ದೀಪಗಳು ಗೋಡೆಯ ಗೂಡಿಗೆ ಹೋದವು. ಸಿರಿ ಒಂದು ಕಡುಬನ್ನು ಆ ಎಲೆಯ ಮೇಲಿಟ್ಟು, ಇನ್ನೊಂದನ್ನು ಕಚ್ಚಿದಳು.

ಮತ್ತೆ ಎಲ್ಲರೂ ಹೊರಗೆ ಹೋಗಬೇಕಿತ್ತು. ಅಮೂಲ್ಯ ಮಗಳನ್ನು ಸೊಂಟಕ್ಕೆ ಅವುಚಿಕೊಂಡು ಬಾಗಿಲು ಎಳೆಯತೊಡಗಿದಾಗ ಶಂಕರಮ್ಮ ಅವಳ ಕೈ ಹಿಡಿದರು.

“ಪೂರ್ತಿ ಹಾಕ್ಬೇಡ ಕಣೇ. ಅವನಿನ್ನೂ ಸಣ್ಣೋನು, ಬಾಗಿಲು ಹಾಕಿದ್ರೆ ಅಳ್ತಾನೆ.”

ಅಮೂಲ್ಯ ಬಾಗಿಲನ್ನು ಒಂದು ಗೇಣಿನಷ್ಟು ತೆರೆದೇ ಬಿಟ್ಟು ಹೊರಗೆ ಬಂದಳು.