ಇಬ್ಬರ ಹೆಸರಿನ ಮನೆ

ಬೆಟಗೇರಿಯ ನೇಕಾರರ ಓಣಿಯಲ್ಲಿ ಸಿದ್ದಲಿಂಗವ್ವನನ್ನು ಮನೆಯಿಂದ ಹೊರಗೆ ಹಾಕಿದ ದಿನ ಅದೇ ಓಣಿಯ ಅಮೃತವ್ವನಿಗೆ ಊಟ ಸೇರಲಿಲ್ಲ. ಸಿದ್ದಲಿಂಗವ್ವನೊಡನೆ ಹದಿನೈದು ವರ್ಷ ಕೂಡಿ ಬಾಳಿದವನು ಸತ್ತ ಮೂರನೆಯ ದಿನವೇ ಅವನ ಅಣ್ಣತಮ್ಮಂದಿರು ಬಂದು ಬಾಗಿಲಿಗೆ ಕೀಲಿ ಜಡಿದಿದ್ದರು. ಮದುವೆಯಾಗದವಳಿಗೆ ಮನೆ ಎಲ್ಲಿಯದು ಎಂದಿದ್ದರು.

ಅಮೃತವ್ವನೂ ಮದುವೆಯಾಗದೆ ಕೂಡಿ ಬಾಳುವವಳೇ. ಗಂಡ ತೀರಿಕೊಂಡ ಮೇಲೆ ಅವಳು ನೇಕಾರ ಪುಂಡಲೀಕಪ್ಪನನ್ನು ಮೆಚ್ಚಿದಳು. ವಿಧವೆಗೆ ಮಾಡುವ ಉಡಿಕಿ ಮದುವೆಗೂ ಎರಡೂ ಮನೆಯವರು ಸುತರಾಂ ಒಪ್ಪಲಿಲ್ಲ. ಆದರೇನು, ಹನ್ನೊಂದು ವರ್ಷ ಒಂದೇ ಒಲೆಯ ಅನ್ನ ಉಂಡರು. ಅವನು ಸೀರೆ ನೇಯ್ದ, ಇವಳು ನೂಲು ಸುತ್ತಿದಳು. ಈಗ ಬಾಡಿಗೆ ಮನೆಯನ್ನೇ ಕೊಳ್ಳುವವರಿದ್ದರು, ಖರೀದಿ ಅವನೊಬ್ಬನ ಹೆಸರಿಗೆ.

ತನ್ನ ಹೆಸರೂ ಸೇರಿಸು ಎಂದಾಗ ಪುಂಡಲೀಕಪ್ಪ ಮುಖ ಸಣ್ಣದು ಮಾಡಿದ. ಓಣಿಯ ಹಿರಿಯರೆದುರು ಎಲೆ ಅಡಿಕೆ ಹಿಡಿದು ನಿನ್ನ ಕೈ ಬಿಡುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ, ಅಷ್ಟೂ ನಂಬಿಕೆ ಇಲ್ಲವೇ ಎಂದ. ನೆರೆಮನೆಯ ಮೋತಿಬಿ ಸುಮ್ಮನಿರುವವಳಲ್ಲ.

"ಪುಂಡಲೀಕಣ್ಣ, ಸಿದ್ದಲಿಂಗವ್ವನ ಮನ್ಯಾಂವನೂ ಎಲಿ ಅಡಿಕಿ ಹಿಡದಿದ್ದ. ಆ ಹಿರ್ಯಾರು ಮೊನ್ನಿ ಒಬ್ಬರರ ಬಂದ್ರೇನು? ನನ್ನ ನಿಕಾಹದಾಗ ಗಂಡ ಕೊಡೂ ಮಹರ್ ಎಲ್ಲಾರ ಮುಂದ ಬರದಾರ. ಇಪ್ಪತ್ತು ವರ್ಷ ಆತು, ಬರದಾರಂತ ನಮ್ಮ ಪ್ರೀತಿ ಏನೂ ಕಮ್ಮಿ ಆಗಿಲ್ಲ."

ಪುಂಡಲೀಕಪ್ಪ ಮಗ್ಗ ಬಿಟ್ಟು ಎದ್ದ. "ಖರೆ ಐತಿ. ನಾ ಸತ್ರ ನನ್ನ ತಮ್ಮ ತಿರಕಪ್ಪ ಇಕಿನ್ನ ಈ ಮನ್ಯಾಗ ಇರಾಕ ಬಿಡಂಗಿಲ್ಲ" ಎಂದ.

ಗದಗಿನ ವಕೀಲರು ದಾರಿ ತೋರಿಸಿದರು. ಕೂಡಿ ಬಾಳುತ್ತೇವೆ ಎಂಬ ಕರಾರು ಒಂದೇ ಇದ್ದರೆ ಕೋರ್ಟಿನಲ್ಲಿ ನಿಲ್ಲುವುದು ಅನುಮಾನ, ಆಸ್ತಿಯ ಮಾತು ಆಸ್ತಿಯ ಕಾಗದದಲ್ಲೇ ಇರಲಿ ಎಂದರು. ಖರೀದಿ ಪತ್ರದಲ್ಲಿ ಇಬ್ಬರಿಗೂ ಸಮಪಾಲು ಬರೆಸಿದರು. ತಾನು ಸತ್ತರೆ ತನ್ನ ಪಾಲು ಬದುಕಿರುವ ಇನ್ನೊಬ್ಬರಿಗೆ ಎಂದು ಇಬ್ಬರೂ ಮೃತ್ಯುಪತ್ರ ಮಾಡಿದರು. ಮೋತಿಬಿಯ ಗಂಡ ಮಕ್ತುಮಸಾಬನೂ ಓಣಿಯ ಇನ್ನೊಬ್ಬ ನೇಕಾರನೂ ಸಾಕ್ಷಿ ಹಾಕಿದರು. ಎಲ್ಲವೂ ನೋಂದಣಿಯಾಯಿತು. ಅದು ಸಾವಿರದ ಒಂಬೈನೂರ ಎಪ್ಪತ್ತೊಂಬತ್ತು.

ಮೂರು ವರ್ಷಕ್ಕೆ ಪುಂಡಲೀಕಪ್ಪ ಜ್ವರ ಬಂದು ತೀರಿಕೊಂಡ. ಕಣ್ಣೀರು ಆರುವ ಮೊದಲೇ ಸೊರಟೂರಿನಿಂದ ತಿರಕಪ್ಪ ಇಬ್ಬರು ಹಿರಿಯರನ್ನೂ ಒಂದು ಕೀಲಿಯನ್ನೂ ತಂದ. ಅಮೃತವ್ವ ಟ್ರಂಕು ತೆರೆದು ಕಾಗದ ಮುಂದಿಟ್ಟಳು. ಹಿರಿಯರಲ್ಲೊಬ್ಬರು ಕನ್ನಡಕ ಏರಿಸಿ ಮುದ್ರೆಯವರೆಗೂ ಓದಿದರು.

"ತಿರಕಪ್ಪಾ, ಇದು ಆಕಿ ಮನಿ. ಕೆರ ಮೆಟಗೊಂಡು ನಡಿ."

ಓಣಿಯ ಹೆಂಗಸರೆಲ್ಲ ಕಟ್ಟೆ ಹತ್ತಿ ನಿಂತಿದ್ದರು. ಅಮೃತವ್ವನಿಗೆ ಅಂದು ಎದೆಯುಬ್ಬಿ ಬಂತು. ಕೀಲಿ ಹಿಡಿದೇ ಎದ್ದ ಮೈದುನನಿಗೆ ಸಮಾಧಾನದಿಂದ ಹೇಳಿದಳು:

"ಕುಂಡ್ರಿ, ಚಾ ಕುಡದು ಹೋಗ್ರಿ. ನನ್ನ ಮನಿಗೆ ಬಂದೀರಿ."

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಮದುವೆಯಾಗದೆ ಕೂಡಿ ಬಾಳುವವರು ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇದ್ದಾರು. ಅವರನ್ನು ಆಡಿಕೊಳ್ಳಬೇಡಿ, ಈ ಕತೆ ಹೇಳಿ. ಇಬ್ಬರೂ ಗಟ್ಟಿಯಾಗಿರುವಾಗಲೇ ವಕೀಲರನ್ನು ಕಂಡು ಕಾಗದ ಮಾಡಿಸಲಿ.