ಬಿಳಿಗಾರದ ಮಡಿ

ಸೀರೆಬಟ್ಟೆಯ ಮೊದಲನೆಯ ಚೂರು ಭಗ್ಗೆಂದು ಹೊತ್ತಿ ಇಕ್ಕಳದ ತನಕ ಬಂತು. ಎರಡನೆಯದರಲ್ಲಿ ಉರಿ ಏಳಲಿಲ್ಲ, ಆದರೆ ಅಂಚಿನ ಕೆಂಡ ಊದುಬತ್ತಿಯ ಹಾಗೆ ತೆವಳುತ್ತಲೇ ಇತ್ತು. ಮೂರನೆಯದು ಕಪ್ಪಗಾಯಿತು, ಒಂದಿಷ್ಟು ಹೊಗೆಯಾಡಿ ಸುಮ್ಮನಾಯಿತು. ತ್ರಿಪ್ಲಿಕೇನಿನ ಮನೆಯ ತಾರಸಿಯಲ್ಲಿ ಸೊಸೆ ಹಚ್ಚಿಕೊಟ್ಟ ಮೇಣದಬತ್ತಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ ಜಾನಕಮ್ಮ ಅದನ್ನು ತಿರುವಿ ಮುರುವಿ ನೋಡಿದರು. ಎಪ್ಪತ್ತೊಂದರ ವಯಸ್ಸಿನಲ್ಲಿ ಇದೆಂಥ ಹುಚ್ಚು ಎಂದು ಪಕ್ಕದವರು ಅಂದುಕೊಂಡರೆ ಅಂದುಕೊಳ್ಳಲಿ.

ಆದದ್ದಿಷ್ಟು. ಹೋದ ತಿಂಗಳು ದ್ವಾದಶಿಯ ಬೆಳಿಗ್ಗೆ ಪಾರಣೆಯ ಅಡಿಗೆಯ ಗಡಿಬಿಡಿಯಲ್ಲಿ ಅವರ ಮಡಿಸೀರೆಯ ಸೆರಗಿಗೆ ಒಲೆಯ ಉರಿ ತಾಕಿತು. ಸೊಸೆ ರಂಜನಿ ಕೊಡ ನೀರು ಸುರಿದಳು; ಮೊಣಕೈ ಸುಟ್ಟದ್ದರಲ್ಲೇ ಮುಗಿಯಿತು. ಮಗ ಪ್ರಮೋದ ಅಂದೇ ಬೆಂಕಿಪೊಟ್ಟಣವನ್ನು ಕಿಸೆಗೆ ಹಾಕಿಕೊಂಡ, ಇಂಡಕ್ಷನ್ ಒಲೆ ತಂದಿಟ್ಟ. ಅದರ ಮೇಲೆ ದೇವರ ಹಿತ್ತಾಳೆ ಪಾತ್ರೆ ಬಿಸಿಯೇ ಆಗದು. ನಲವತ್ತೆಂಟು ವರ್ಷ ತಮ್ಮ ಕೈಯಡಿಗೆ ಉಂಡ ದೇವರಿಗೆ ಈಗ ಬಾಳೆಹಣ್ಣು, ತಣ್ಣನೆ ಹಾಲು. ಸುಟ್ಟ ಕೈಗಿಂತ ಜಾನಕಮ್ಮನಿಗೆ ಅದೇ ಹೆಚ್ಚು ಉರಿಯುತ್ತಿತ್ತು.

ಮಠದಲ್ಲಿ ಶಾಮಿಯಾನ ಹಾಕುತ್ತಿದ್ದ ವಿಘ್ನೇಶನನ್ನು, ಇಷ್ಟು ಬಟ್ಟೆಗೆ ಕಿಡಿ ಬಿದ್ದರೇನು ಗತಿ ಎಂದು ಕೇಳಿದ್ದೇ ದಾರಿಯಾಯಿತು. ವೆಂಗಾರದ ನೀರಲ್ಲಿ ಅದ್ದಿ ಒಣಗಿಸುತ್ತೇವೆ ಮಾಮಿ ಎಂದ ಅವನು ತಮಿಳಿನಲ್ಲಿ. ವೆಂಗಾರ? ಅಯ್ಯೋ, ಬಿಳಿಗಾರ! ಅಮ್ಮ ಹಿಂದೆ ಬಾಯಿಹುಣ್ಣಿಗೆ ಸವರುತ್ತಿದ್ದ ಹರಳು. ರಂಜನಿ ಪ್ಯಾರೀಸ್ ಕಾರ್ನರಿನ ಅಂಗಡಿಯಿಂದ ತಂದಳು. ಕೆಂಡ ತೆವಳದಿರಲು ಕೇರಂ ಬೋರ್ಡಿನ ಬೋರಿಕ್ ಪುಡಿಯನ್ನೂ ಬೆರೆಸಿದರು; ತಾರಸಿಯಲ್ಲಿ ಸುಮ್ಮನಾದ ಮೂರನೆಯ ಚೂರು ಆ ನೀರಿನದು.

ಚೂರು ಬೇಡ, ಉಡುವ ಸೀರೆಯನ್ನೇ ನೋಡಬೇಕು, ಅದು ಹೊತ್ತದಿದ್ದರೆ ಬೆಂಕಿಯ ಒಲೆ ಮತ್ತೆ ನಿನ್ನದು ಎಂದ ಪ್ರಮೋದ. ಶನಿವಾರ ಇಡೀ ಸೀರೆಯನ್ನು ಅದ್ದಿ ಒಣಗಿಸಿದರು. ಭಾನುವಾರ ಮಡಿಯಲ್ಲಿ ಅದನ್ನುಟ್ಟು, ತುದಿಯಿಂದ ಒಂದು ಚೂರು ಕತ್ತರಿಸಿ ಇಕ್ಕಳದಲ್ಲಿ ಹಿಡಿದರು. ಭಗ್ಗೆಂದಿತು. ಪ್ರಮೋದ ಬೆಂಕಿಪೊಟ್ಟಣವನ್ನು ಮತ್ತೆ ಕಿಸೆಗೆ ಹಾಕಿಕೊಂಡ.

ಜಾನಕಮ್ಮನಿಗೆ ಅಳು ಬಂತು, ಆದರೆ ಕುತೂಹಲ ಅದನ್ನು ಹಿಂದಕ್ಕೆ ತಳ್ಳಿತು. ಅದೇ ಬಟ್ಟೆ, ಅದೇ ನೀರು. ಚೂರು ಉಳಿದು ಸೀರೆ ಯಾಕೆ ಹೊತ್ತಿತು? ಸಂಜೆಯ ತನಕ ಅದೇ ಧ್ಯಾನ. ಬಚ್ಚಲಿನ ಬಕೆಟ್ ಕಂಡಾಗ ಹಣೆ ಚಚ್ಚಿಕೊಂಡರು. ಒಣಗಿದ ಸೀರೆಯನ್ನು ಎಲ್ಲರೂ ಮುಟ್ಟಿ ನೋಡಿದ್ದರಲ್ಲ, ಮೈಲಿಗೆಯಾಯಿತೆಂದು ಎರಡೆರಡು ನೀರಿನಲ್ಲಿ ಜಾಲಿಸಿ, ಕೋಲಿನಿಂದ ಎತ್ತರದ ಹಗ್ಗಕ್ಕೆ ಹರವಿದ್ದರು. ಕೈ ತನ್ನ ಪಾಡಿಗೆ ಮಾಡಿದ ಕೆಲಸ.

"ನಮ್ಮನೆ ಮೋರಿಗೆ ಇನ್ನು ಬೆಂಕಿ ಹತ್ತೋಲ್ಲ ಬಿಡು," ಎಂದರು ಸೊಸೆಗೆ. "ನಾಳೆಯಿಂದ ಜಾಲಿಸಿದ ಮೇಲೆ ಕಡೇ ನೀರು ಬಿಳಿಗಾರದ್ದೇ."

"ಅದು ಮಡಿಗೆ ಬರತ್ತಾ ಅತ್ತೆ?"

ಜಾನಕಮ್ಮ ಬಿಳಿಗಾರದ ಹರಳೊಂದನ್ನು ಬೆಳಕಿಗೆ ಹಿಡಿದು ನೋಡಿದರು. "ಬಾಯಿಗೆ ಸವರಿದ್ದು ಸೀರೆಗೆ ಬರಲ್ವೇನೆ? ಉಪ್ಪಿನ ಹಾಗೆ ಅದೂ ಭೂಮೀದೇ. ಆ ಕೇರಂ ಡಬ್ಬಿ ಮಾತ್ರ ಬೇಡ, ಊರೆಲ್ಲ ಕೈ ಹಾಕಿದ್ದು. ಹೊಸಾ ಪ್ಯಾಕೆಟ್ ತಾ."

ಮಂಗಳವಾರ ಸೀರೆ ಗಂಜಿ ಹಾಕಿದ ಹಾಗೆ ಬಿರುಸಾಗಿತ್ತು. ಚೂರು ಕಪ್ಪಾಗಿ ಸುಮ್ಮನಾಯಿತು. ಪ್ರಮೋದ ಇನ್ನೊಂದು ಕೇಳಿದ, ಅದೂ ಅಷ್ಟೇ.

"ಆದ್ರೂ ಸೆರಗು ಸಿಕ್ಕಿಸ್ಕೋಮ್ಮಾ," ಎಂದ.

ಅವನು ಮಡಿಯಲ್ಲಿಲ್ಲ, ಕೈಗೆ ಕೊಡುವಂತಿಲ್ಲ. ಬಗ್ಗಿ ಬೆಂಕಿಪೊಟ್ಟಣವನ್ನು ಅಡಿಗೆಮನೆಯ ಹೊಸ್ತಿಲಾಚೆ ತಳ್ಳಿದ. ಅದು ನೆಲದ ಮೇಲೆ ಜಾರುತ್ತ ಬಂದು ಜಾನಕಮ್ಮನ ಕಾಲ ಬಳಿ ನಿಂತಿತು. ಕಿಸೆಯೊಳಗಿದ್ದು ಮೈಲಿಗೆಯಾದ ಪೊಟ್ಟಣ. ಅವರ ಕೈ ತಾನಾಗಿ ತಂಬಿಗೆಗೆ ಹೋಗಿ, ನೀರು ಚಿಮುಕಿಸಲು ಮೇಲೆದ್ದಿತು.

ಅಲ್ಲೇ ತಡೆಯಿತು. ಜಾನಕಮ್ಮ ಒದ್ದೆ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡು, ಒಣ ಪೊಟ್ಟಣವನ್ನು ಹಾಗೆಯೇ ಎತ್ತಿಕೊಂಡರು.